ಒಳಗೆ ಬಂದದ್ದೆಲ್ಲ ಹೊರಗೆ ಹೋಗಬೇಕು

ಮನೆ ಖಾಲಿ ಮಾಡಿ, ಒಳಗೇ ಹಾಸಿಗೆ, ಒಲೆ, ಬಚ್ಚಲು ಇರುವ ಮೋಟರ್‌ಹೋಮ್‌ನಲ್ಲೇ ಇರ್ತೀವಿ ಅಂತ ಹೇಳಿದರೆ ಜನ ಕೇಳುವ ಮೊದಲ ಪ್ರಶ್ನೆ, "ಏನೇನು ತಗೊಂಡು ಹೋಗ್ತೀರಿ?" ಎರಡನೆಯದು, "ಅಷ್ಟು ಚಿಕ್ಕ ಜಾಗ ಸಾಕಾಗುತ್ತಾ?" ಇವೆರಡಕ್ಕೂ ಉತ್ತರ ಕೊಟ್ಟು ಕೊಟ್ಟು ನನಗೆ ಬಾಯಿಪಾಠ ಆಗಿಬಿಟ್ಟಿದೆ. ಆದರೆ ಗಾಡಿಯಲ್ಲಿ ದಿನ ಕಳೆಯುವಾಗ ತಲೆ ತಿನ್ನುವ ಪ್ರಶ್ನೆ ಬೇರೆಯೇ. ಒಳಗೆ ಬಂದದ್ದು ಹೊರಗೆ ಹೇಗೆ ಹೋಗುತ್ತದೆ? ಇದನ್ನು ಯಾರೂ ಕೇಳುವುದಿಲ್ಲ. ಗಾಡಿ ಮಾರುವವರಂತೂ ಆ ಕಡೆ ಹೋಗುವುದೇ ಇಲ್ಲ. ಹಾಸಿಗೆ ಎಷ್ಟು ಅಗಲ, ಕಪಾಟು ಎಷ್ಟಿದೆ, ಟಿವಿ ಎಲ್ಲಿ ತಿರುಗುತ್ತದೆ ಅಂತ ತೋರಿಸುತ್ತಾ ಹೋಗುತ್ತಾರೆ.

ಮನೆಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ ಅಲ್ವಾ. ಸಿಂಕ್‌ನಲ್ಲಿ ನೀರು ಚೆಲ್ಲಿದರೆ ಮುಗಿಯಿತು. ಫ್ಲಶ್ ಒತ್ತಿದರೆ ಮುಗಿಯಿತು. ಅಡುಗೆಯ ಹಬೆ, ರಾತ್ರಿಯಿಡೀ ಬಿಟ್ಟ ಉಸಿರಿನ ತೇವ, ಬೇಡವಾದ ಬಟ್ಟೆ, ಹಳೆ ಫೈಲು ಎಲ್ಲವನ್ನೂ ಗೋಡೆ, ಪೈಪು, ಅಟ್ಟ ಸೇರಿಕೊಂಡು ನಮ್ಮ ಕಣ್ಣಿಂದ ಮರೆಮಾಡುತ್ತವೆ. ಗಾಡಿಯಲ್ಲಿ ಅಟ್ಟ ಇಲ್ಲ. ಗೋಡೆ ಸುಮಾರು ಮೂರು ಸೆಂಟಿಮೀಟರ್ ದಪ್ಪ. ಪೈಪು ಎರಡು ಮೀಟರ್ ಹೋಗಿ ನಮ್ಮದೇ ಕಾಲ ಕೆಳಗಿನ ಟ್ಯಾಂಕಿನಲ್ಲಿ ಮುಗಿಯುತ್ತದೆ. ಊರಿನ ಪಾಲಿಕೆ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವೆಲ್ಲ ಇಬ್ಬರ ಪಾಲಿಗೆ ಬಂದು ಬೀಳುತ್ತದೆ.

ರಜೆಗೆ ಅಂತ ಒಂದು ವಾರ ಬಾಡಿಗೆ ಗಾಡಿ ತೆಗೆದುಕೊಂಡವರಿಗೆ ಇದು ಅಷ್ಟಾಗಿ ತಾಗುವುದಿಲ್ಲ. ಒಳ್ಳೆಯ ಹವೆ ನೋಡಿಕೊಂಡು ಹೊರಟಿರುತ್ತಾರೆ, ಹೊರಗೇ ಕೂತು ಊಟ, ಬಟ್ಟೆ ಒಗೆಯುವುದು ವಾಪಸ್ ಬಂದ ಮೇಲೆ. ಕಾಯಂ ವಾಸ ಅಂದರೆ ಜ್ವರ ಬಂದಾಗಲೂ ಅಲ್ಲೇ, ಮೂರು ದಿನ ಬಿಡದೆ ಮಳೆ ಸುರಿದಾಗಲೂ ಅಲ್ಲೇ. ಅದಕ್ಕೇ ಯಾರಾದರೂ ಸಲಹೆ ಕೇಳಿದರೆ ನಾನು ಹೇಳುವುದು ಇಷ್ಟು: ಮನೆ ಬಿಡುವ ಮುಂಚೆ ವರ್ಷದ ಅತ್ಯಂತ ಕೆಟ್ಟ ಹವೆಯಲ್ಲಿ ಒಂದೆರಡು ವಾರ ಅದರಲ್ಲಿ ಇದ್ದು ನೋಡಿ. ಮನೆ ಪಕ್ಕದಲ್ಲೇ ನಿಲ್ಲಿಸಿಕೊಂಡು ಇದ್ದರೂ ಸರಿ, ಆದರೆ ಮನೆಯ ಬಚ್ಚಲಿಗೆ ಓಡಿಹೋಗಬಾರದು.

ತೂಕದ ಚೀಟಿ

ಹೊರಡುವ ಮುಂಚೆ ಗಾಡಿಯನ್ನು ವೇಬ್ರಿಡ್ಜ್‌ಗೆ ಒಯ್ದಿದ್ದೆವು. ನಮ್ಮ ಮುಂದೆ ಜಲ್ಲಿ ತುಂಬಿದ ಲಾರಿ, ಹಿಂದೆ ಇನ್ನೊಂದು ಲಾರಿ, ನಡುವೆ ಕಿಟಕಿಗೆ ಹೂವಿನ ಪರದೆ ಹಾಕಿಕೊಂಡ ನಮ್ಮ ಗಾಡಿ. ತೂಕದವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಪರದೆಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದ. ನೀರು, ಡೀಸೆಲ್, ಗ್ಯಾಸ್ ಎಲ್ಲ ತುಂಬಿಸಿದ್ದೆವು, ನಾವಿಬ್ಬರೂ ಸೀಟಿನಲ್ಲೇ ಕೂತಿದ್ದೆವು, ಹಾಗೆ ತೂಗಿದರೆ ಮಾತ್ರ ನಿಜವಾದ ಅಂಕಿ ಸಿಗುತ್ತದೆ. ಇಡೀ ಗಾಡಿಯ ತೂಕ ಮಿತಿಯೊಳಗೇ ಇತ್ತು. ಇವರು ಖುಷಿಯಾಗಿ ಗೇರ್ ಹಾಕಲು ಹೊರಟರು. "ಹಿಂದಿನ ಚಕ್ರ ಮಾತ್ರ ಮೇಲೆ ಬಿಡಿ" ಅಂದ ಅವನು. ಬಿಟ್ಟೆವು. ಮಾಸಲು ಶಾಯಿಯ ಚೀಟಿ ಕೈಗೆ ಬಂದಾಗ ಹಿಂದಿನ ಆಕ್ಸಲ್, ಅಂದರೆ ಆ ಚಕ್ರಗಳನ್ನು ಹೊರುವ ಅಚ್ಚು, ತನ್ನ ಮಿತಿಯನ್ನು ದಾಟಿತ್ತು. ಅವನಿಗೆ ಇದು ದಿನದ ಕೆಲಸ. "ಹಿಂದೆ ಏನು ಇಟ್ಟಿದ್ದೀರಿ?" ಅಂತ ಕೇಳಿದ. ಹಿಂದೆ ಎರಡು ಸೈಕಲ್ ನೇತಾಡುತ್ತಿದ್ದವು, ಡಿಕ್ಕಿಯಲ್ಲಿ ಟೂಲ್ ಬಾಕ್ಸ್, ಹೊಲಿಗೆ ಮೆಷಿನ್, ಪುಸ್ತಕ ತುಂಬಿದ ರಟ್ಟಿನ ಡಬ್ಬಗಳು.

ಇದರ ಲೆಕ್ಕ ಸ್ವಲ್ಪ ವಿಚಿತ್ರ. ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಚಾಚಿದ ಭಾಗದಲ್ಲಿ ಇಟ್ಟ ಭಾರ ತನ್ನ ತೂಕಕ್ಕಿಂತ ಜಾಸ್ತಿ ಒತ್ತುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 4 ಮೀಟರ್ ಇದೆ ಅಂದುಕೊಳ್ಳಿ. ಹಿಂದಿನ ಚಕ್ರದಿಂದ 2 ಮೀಟರ್ ಆಚೆ 100 ಕೆಜಿ ಇಟ್ಟರೆ ಹಿಂದಿನ ಆಕ್ಸಲ್ ಮೇಲೆ 150 ಕೆಜಿ ಬೀಳುತ್ತದೆ, ಮುಂದಿನದರಿಂದ 50 ಕೆಜಿ ಎದ್ದುಹೋಗುತ್ತದೆ. ಅಂದರೆ ಹಿಂದಿನ ಟೈರಿಗೆ ಹೊರೆ, ಮುಂದಿನ ಚಕ್ರಕ್ಕೆ ಹಿಡಿತ ಕಡಿಮೆ. ಮುಂದಿನ ಚಕ್ರ ಎಳೆಯುವ ಗಾಡಿಯಾದರೆ ಒದ್ದೆ ಹುಲ್ಲಿನ ಮೇಲೆ ಅದು ಸುಮ್ನೆ ತಿರುಗುತ್ತಾ ನಿಲ್ಲುತ್ತದೆ. ನಾವು ಅಲ್ಲೇ ಪಕ್ಕದಲ್ಲಿ ಗಾಡಿ ನಿಲ್ಲಿಸಿ, ಪುಸ್ತಕದ ಡಬ್ಬಗಳನ್ನು ಮುಂದಿನ ಸೀಟಿನ ಹಿಂದಕ್ಕೆ ತಂದೆವು. ಹೊಲಿಗೆ ಮೆಷಿನ್ ಅಕ್ಕನ ಮನೆಗೆ ಹೋಯಿತು. ಒಂದು ಸೈಕಲ್ ಮಾರಿದೆವು. ಯಾರ ಸೈಕಲ್ ಅನ್ನೋದು ಬೇರೆ ಕಥೆ.

ಯೂರೋಪಿನಲ್ಲಿ ಕಾರಿನ ಲೈಸೆನ್ಸಿಗೆ 3500 ಕೆಜಿ ಮಿತಿ ಅಂತ ಬಹಳ ಕಾಲ ಇದ್ದುದರಿಂದ ಎಷ್ಟೋ ಮೋಟರ್‌ಹೋಮ್‌ಗಳನ್ನು ಆ ಅಂಕಿಯ ಒಳಗೇ ಕೂರುವ ಹಾಗೆ ಕಟ್ಟಿರುತ್ತಾರೆ. ಗಾಡಿಯ ತೂಕ ಕಳೆದರೆ ನಮ್ಮ ಸಾಮಾನಿಗೆ ಉಳಿಯುವುದು ಕೆಲವು ನೂರು ಕೆಜಿ ಮಾತ್ರ. ಅದರಲ್ಲಿ ಜೊತೆಗೆ ಕೂರುವವರ ತೂಕ, ಆಮೇಲೆ ಹಾಕಿಸಿದ ಸೋಲಾರ್, ಬಿಸಿಲಿಗೆ ಬಿಡಿಸುವ ಚಪ್ಪರ, ಎರಡನೇ ಬ್ಯಾಟರಿ ಎಲ್ಲವೂ ಸೇರಬೇಕು. ನೀರು ಲೀಟರಿಗೆ ಒಂದು ಕೆಜಿ. 100 ಲೀಟರ್ ಟ್ಯಾಂಕ್ ತುಂಬಿಸಿದರೆ ಮೂರನೇ ಮನುಷ್ಯನನ್ನೂ ಅವನ ಲಗೇಜನ್ನೂ ಹತ್ತಿಸಿಕೊಂಡ ಹಾಗೆ. ತೂಕ ಮೀರಿದರೆ ಬರೀ ದಂಡದ ಮಾತಲ್ಲ, ಟೈರು ಬಿಸಿಯಾಗಿ ಸಿಡಿಯುತ್ತದೆ, ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ. ಟೈರಿನ ಮಾತು ಬಂತಲ್ಲ, ಅದರ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ನೋಡಿ. ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೋಟರ್‌ಹೋಮ್ ಓಡುವುದಕ್ಕಿಂತ ನಿಂತಿರುವುದೇ ಜಾಸ್ತಿ, ಹಾಗಾಗಿ ಮೇಲಿನ ಪಟ್ಟಿ ಸವೆಯುವ ಮುಂಚೆಯೇ ಬಿಸಿಲಿಗೆ ಪಕ್ಕದ ರಬ್ಬರು ಬಿರುಕು ಬಿಡುತ್ತದೆ.

ತೂಕದ ಚೀಟಿ ನನಗೆ ಇನ್ನೊಂದು ಉಪಕಾರ ಮಾಡಿತು. ಯಾವುದನ್ನು ಬಿಡುವುದು ಅನ್ನುವ ಜಗಳಕ್ಕೆ ಒಂದು ಅಂಕಿ ಸಿಕ್ಕಿತು. ನೆನಪು, ಪ್ರೀತಿ, "ಯಾವಾಗಲಾದರೂ ಬೇಕಾಗುತ್ತೆ" ಎಲ್ಲವೂ ಗ್ರಾಂ ಲೆಕ್ಕಕ್ಕೆ ಬಂತು. ಈಗಲೂ ಒಂದು ಹೊಸ ವಸ್ತು ಒಳಗೆ ಬಂದರೆ ಅಷ್ಟೇ ಭಾರದ ಇನ್ನೊಂದು ಇಳಿಯಬೇಕು. ಗೋಡೌನ್ ಬಾಡಿಗೆಗೆ ಹಿಡಿದು ಸಾಮಾನು ಇಡುವವರನ್ನು ನೋಡಿದ್ದೇನೆ. ಒಂದು ವರ್ಷಕ್ಕೆ ಅಂತ ಇಟ್ಟು, ಆಮೇಲೆ ಆ ಸೋಫಾದ ಬೆಲೆಗಿಂತ ಜಾಸ್ತಿ ಬಾಡಿಗೆ ಕಟ್ಟುತ್ತಿರುತ್ತಾರೆ. ಫೋಟೊ, ದಾಖಲೆ ಬಿಟ್ಟರೆ ಇಡುವಂಥದ್ದು ಬಹಳ ಇರುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಕೊಳೆ ನೀರು, ಮತ್ತೆ ಆ ಡಬ್ಬ

ಶುದ್ಧ ನೀರು ಖಾಲಿಯಾಗುವ ಭಯ ಎಲ್ಲರಿಗೂ ಇರುತ್ತದೆ. ಆದರೆ ಎಷ್ಟೋ ಗಾಡಿಗಳಲ್ಲಿ ಕೊಳೆ ನೀರಿನ ಟ್ಯಾಂಕ್ ಚಿಕ್ಕದಿರುತ್ತದೆ, ಮೊದಲು ತುಂಬುವುದು ಅದೇ. ಅದು ತುಂಬಿದ ಮೇಲೆ ನೀರು ಇದ್ದೂ ಬಳಸುವ ಹಾಗಿಲ್ಲ. ತಟ್ಟೆಯ ಜಿಡ್ಡನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯಬೇಕು, ಇಲ್ಲದಿದ್ದರೆ ಆ ಜಿಡ್ಡು ಟ್ಯಾಂಕಿನ ಗೋಡೆಗೆ ಅಂಟಿ ಕೊಳೆಯುತ್ತದೆ. ಮನೆಯ ಸಿಂಕಿನ ಕೆಳಗೆ ಇರುವಷ್ಟು ಆಳದ ಬಾಗಿದ ಪೈಪು ಇಲ್ಲಿ ಇರುವುದಿಲ್ಲ, ಬ್ರೇಕ್ ಹಾಕಿದಾಗ ಟ್ಯಾಂಕಿನ ನೀರು ಅಲುಗಿ ಆ ವಾಸನೆ ನೇರ ಅಡುಗೆ ಕಟ್ಟೆಗೆ ಏರುತ್ತದೆ. ಓಡುವಾಗ ಸಿಂಕಿಗೂ ಬಚ್ಚಲಿಗೂ ಬಿರಟೆ ಹಾಕಿಬಿಡಿ. ಅರ್ಧ ವಾಸನೆ ಅಲ್ಲೇ ಹೋಯಿತು.

ಟಾಯ್ಲೆಟ್ ವಿಷಯ ಮಾತಾಡಲು ಎಲ್ಲರಿಗೂ ನಾಚಿಕೆ, ಆದರೆ ತಿಳಿದುಕೊಳ್ಳುವ ಆಸೆಯೂ ಎಲ್ಲರಿಗೂ ಇದೆ. ದೊಡ್ಡ ಬಸ್ಸಿನಂಥ ಗಾಡಿಗಳಲ್ಲಿ ಕೆಳಗೇ ಟ್ಯಾಂಕ್ ಇದ್ದು ಪೈಪು ಸಿಕ್ಕಿಸಿ ಖಾಲಿ ಮಾಡುತ್ತಾರೆ. ಉಳಿದವುಗಳಲ್ಲಿ ಕ್ಯಾಸೆಟ್ ಅನ್ನುವ ಡಬ್ಬ ಇರುತ್ತದೆ, 17ರಿಂದ 20 ಲೀಟರ್ ಹಿಡಿಯುತ್ತದೆ. ಇಬ್ಬರಿಗೆ ಎರಡು ಮೂರು ದಿನ. ಹೊರಗಿನ ಚಿಕ್ಕ ಬಾಗಿಲಿನಿಂದ ಅದನ್ನು ಎಳೆದು, ಹತ್ತಿಪ್ಪತ್ತು ಕೆಜಿ ಭಾರ ಹೊತ್ತು, ಸುರಿಯುವ ಜಾಗಕ್ಕೆ ಹೋಗಬೇಕು. ಸುರಿಯುವಾಗ ಗಾಳಿಯ ಗುಂಡಿ ಒತ್ತಿ ಹಿಡಿಯಿರಿ. ಒತ್ತದಿದ್ದರೆ ಗುಳುಗುಳು ಅಂತ ಉಗುಳುತ್ತಾ ಬರುತ್ತದೆ, ಎಲ್ಲಿಗೆ ಸಿಡಿಯುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಕೆಲವು ಕಡೆ ಆ ಜಾಗದ ಚರಂಡಿ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತದೆ. ವಾಸನೆ ಬಾರದಿರಲಿ ಅಂತ ಕ್ಯಾಸೆಟ್ಟಿಗೆ ಹಾಕುವ ದ್ರಾವಣದಲ್ಲಿ ಫಾರ್ಮಾಲ್ಡಿಹೈಡ್ ಇದ್ದರೆ ಅಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾ ಸಾಯುತ್ತವೆ, ಅದಿಲ್ಲದ್ದನ್ನೇ ಕೊಳ್ಳಿ. ಮೂತ್ರವನ್ನು ಬೇರೆ ಮಾಡುವ ಒಣ ಟಾಯ್ಲೆಟ್‌ಗಳೂ ಇವೆ. ಎರಡೂ ಬೆರೆತಾಗಲೇ ವಾಸನೆ ಜಾಸ್ತಿ ಅನ್ನುವ ಸರಳ ವಿಚಾರದ ಮೇಲೆ ಅವು ನಿಂತಿವೆ. ಬಳಸುವವರು ಬೇರೆಯದಕ್ಕೆ ಒಪ್ಪುವುದೇ ಇಲ್ಲ.

ನನಗೆ ಇದಕ್ಕಿಂತ ಹೇಸಿಗೆ ಅನಿಸುವುದು ಕುಡಿಯುವ ನೀರಿನ ನಲ್ಲಿ. ಸುರಿಯುವ ಜಾಗದ ಪಕ್ಕದಲ್ಲೇ ಅದೂ ಇರುತ್ತದೆ, ಯಾರೋ ಒಬ್ಬ ಪುಣ್ಯಾತ್ಮ ತನ್ನ ಕ್ಯಾಸೆಟ್ಟಿನ ಬಾಯಿಯನ್ನು ಅದಕ್ಕೇ ಹಿಡಿದು ತೊಳೆದಿರುತ್ತಾನೆ. ನಲ್ಲಿಯ ಮೂತಿಯನ್ನು ಕ್ರಿಮಿನಾಶಕದಿಂದ ಒರೆಸಿ, ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು, ಆಮೇಲೆ ನಮ್ಮ ಪೈಪು ಹಾಕುತ್ತೇವೆ. ಕುಡಿಯುವ ನೀರಿನ ಪೈಪು ಒಂದು ಬಣ್ಣ, ತೊಳೆಯುವ ಪೈಪು ಇನ್ನೊಂದು ಬಣ್ಣ, ಇಡುವ ಜಾಗವೂ ಬೇರೆ ಬೇರೆ.

ಚಳಿಯಲ್ಲಿ ನೀರೇ ತಾನಾಗಿ ಹೊರಗೆ ಹೋಗುವುದೂ ಉಂಟು. ಕೆಲವು ಬಾಯ್ಲರ್‌ಗಳಲ್ಲಿ ತಾಪಮಾನ 3 ಡಿಗ್ರಿ ಹತ್ತಿರ ಇಳಿದರೆ ಒಂದು ಕವಾಟ ತೆರೆದುಕೊಂಡು ಒಳಗಿನ ನೀರನ್ನು ನೆಲಕ್ಕೆ ಚೆಲ್ಲುತ್ತದೆ. ನೀರು ಹೆಪ್ಪುಗಟ್ಟಿ ಬಾಯ್ಲರ್ ಒಡೆಯದಿರಲಿ ಅಂತ. ಗೊತ್ತಿಲ್ಲದವರು ಬೆಳಿಗ್ಗೆ ಗಾಡಿ ಕೆಳಗೆ ಕೊಚ್ಚೆ ನೋಡಿ ಟ್ಯಾಂಕ್ ಒಡೆಯಿತು ಅಂತ ಗಾಬರಿಯಾಗುತ್ತಾರೆ.

ಹಾಸಿಗೆಯ ಕೆಳಗೆ

ಇಡೀ ವಿಷಯದಲ್ಲಿ ನಾನು ಅತಿ ಹೆಚ್ಚು ಗೌರವ ಕೊಡುವುದು ತೇವಕ್ಕೆ. ಕಾಣದ್ದು ಅದೊಂದೇ.

ಚಳಿಗಾಲದ ಒಂದು ಬೆಳಿಗ್ಗೆ ಹೊದಿಕೆ ಬದಲಾಯಿಸಲು ಹಾಸಿಗೆಯ ಮೂಲೆ ಎತ್ತಿದೆ. ಕೈಗೆ ತಣ್ಣಗೆ ಏನೋ ತಗುಲಿತು. ಯಾರೋ ನೀರು ಚೆಲ್ಲಿದ್ದಾರೆ ಅಂದುಕೊಂಡೆ. ಪೂರ್ತಿ ಎತ್ತಿ ನೋಡಿದರೆ ಕೆಳಗಿನ ಪ್ಲೈವುಡ್ ಮೇಲೆ ನಾವಿಬ್ಬರು ಮಲಗುವ ಆಕಾರದಲ್ಲೇ ಎರಡು ಒದ್ದೆ ಕಲೆ. ಹೆಗಲು ಇರುವಲ್ಲಿ ಅಗಲ, ಕಾಲಿನ ಕಡೆ ಸಣ್ಣ. ಅಂಚಿನಲ್ಲಿ ಕರಿ ಚುಕ್ಕೆ ಆಗಲೇ ಶುರುವಾಗಿತ್ತು. ಇವರನ್ನು ಕರೆದು ತೋರಿಸಿದೆ. "ನಿನ್ನದು ದೊಡ್ಡದು" ಅಂದರು.

ಇಬ್ಬರು ಮಲಗಿದರೆ ಉಸಿರು, ಬೆವರು ಸೇರಿ ಒಂದು ರಾತ್ರಿಗೆ ಅರ್ಧ ಲೀಟರಿಗೂ ಮೇಲೆ ನೀರು ಗಾಳಿಗೆ ಸೇರುತ್ತದೆ. ಅದಕ್ಕೆ ಅಡುಗೆ ಸೇರಿಸಿ. ಸಿಲಿಂಡರಿನ ಪ್ರೋಪೇನ್ ಗ್ಯಾಸ್ ಒಂದು ಕೆಜಿ ಉರಿದರೆ ಸುಮಾರು 1.6 ಕೆಜಿ ನೀರು ಆವಿಯಾಗಿ ಹುಟ್ಟುತ್ತದೆ, ಗ್ಯಾಸಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರುವುದರಿಂದ. ಅನ್ನ ಕುದಿಯುವ ಹಬೆ ಬೇರೆ, ಒಣಗಲು ಹಾಕಿದ ಟವೆಲ್ ಬೇರೆ. ಇದೆಲ್ಲ ಮನೆಯಲ್ಲಿ ನಾಲ್ಕು ಕೋಣೆಗೆ ಹರಡಿಹೋಗುತ್ತಿತ್ತು. ಗಾಡಿಯಲ್ಲಿ ಎಲ್ಲಿ ತಣ್ಣಗಿದೆಯೋ ಅಲ್ಲಿ ಹೋಗಿ ಕೂರುತ್ತದೆ: ಗಾಜು, ಕಪಾಟಿನ ಹಿಂಬದಿ, ಸೀಟಿನ ದಿಂಬಿನ ಬೆನ್ನು, ಹಾಸಿಗೆಯ ಅಡಿ. ಹಾಸಿಗೆಯ ಕೆಳಗೆ ಗಾಳಿ ಆಡಬೇಕು. ನಾವು ಪ್ಲೈವುಡ್ ಕಿತ್ತು ಮರದ ಪಟ್ಟಿ ಹಾಕಿಸಿದೆವು, ಅದರ ಮೇಲೆ ಪ್ಲಾಸ್ಟಿಕ್ ತಂತಿಯ ಜಾಲರಿಯಂಥ ಚಾಪೆ. ಬೆಳಿಗ್ಗೆ ಎದ್ದ ತಕ್ಷಣ ಹೊದಿಕೆ ಮಡಿಸದೆ ಹಾಗೇ ತೆರೆದಿಡುತ್ತೇವೆ, ಅಮ್ಮ ನೋಡಿದರೆ ಬೈಯುತ್ತಿದ್ದರು.

ಚಳಿ ಅಂತ ಕಿಟಕಿ, ಚಾವಣಿಯ ಕಂಡಿ ಎಲ್ಲ ಬಿಗಿಯಾಗಿ ಮುಚ್ಚುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಮುಚ್ಚಿದಷ್ಟೂ ಒದ್ದೆ. ಹೀಟರ್ ಹಾಕಿಕೊಂಡು ಚಾವಣಿಯ ಕಂಡಿಯನ್ನು ಎರಡು ಬೆರಳಷ್ಟು ತೆರೆದಿಡಬೇಕು. ಬಿಸಿ ಗಾಳಿ ತೇವ ಎತ್ತಿಕೊಂಡು ಮೇಲಿಂದ ಹೋಗುತ್ತದೆ. ಇಂಧನ ದಂಡ ಅನಿಸುತ್ತದೆ, ಆದರೆ ಗೋಡೆ ಕೊಳೆತರೆ ಗಾಡಿಯೇ ದಂಡ. ಅಡುಗೆ ಒಲೆ ಹಚ್ಚಿಟ್ಟು ಚಳಿ ಕಾಯಿಸುವವರಿದ್ದಾರೆ, ದಯವಿಟ್ಟು ಬೇಡ. ನೀರಿನ ಆವಿ ಒಂದು ಕಡೆ, ಕಾರ್ಬನ್ ಮೊನಾಕ್ಸೈಡ್ ಇನ್ನೊಂದು ಕಡೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಹೊಗೆಯನ್ನು ಹೊರಗೇ ಬಿಡುವ ಹೀಟರ್ ಮತ್ತು ಈ ಅನಿಲ ಇದ್ದರೆ ಕೂಗುವ ಒಂದು ಅಲಾರಂ, ಈ ಎರಡರಲ್ಲಿ ಚೌಕಾಸಿ ಮಾಡಬೇಡಿ.

ನೆಲದಲ್ಲಿ ಇನ್ನೊಂದು ತೂತು ಇರುತ್ತದೆ. ಸಾಮಾನ್ಯವಾಗಿ ಗ್ಯಾಸ್ ಪೆಟ್ಟಿಗೆಯ ತಳದಲ್ಲಿ, ಒಲೆಯ ಹತ್ತಿರ. ಅದರಿಂದ ತಣ್ಣನೆ ಗಾಳಿ ಬರುತ್ತದೆ ಅಂತ ಬಟ್ಟೆ ತುರುಕುವವರನ್ನು ನೋಡಿದ್ದೇನೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ನೆಲಕ್ಕಿಳಿದು ನಿಲ್ಲುತ್ತದೆ. ಆ ತೂತು ಅದರ ದಾರಿ. ಅಲ್ಲಿ ಬಟ್ಟೆ ತುರುಕಿ ಮಲಗುವವರಿಗೆ ಏನು ಹೇಳೋದು. ಇನ್ನೊಂದು ವಿಷಯ, ಬ್ಯುಟೇನ್ ಸಿಲಿಂಡರ್ ಶೂನ್ಯ ಡಿಗ್ರಿ ಹತ್ತಿರ ಬಂದರೆ ಕೈಕೊಡುತ್ತದೆ, ಒಳಗೆ ದ್ರವ ಇದ್ದರೂ ಆವಿ ಏಳುವುದಿಲ್ಲ. ಪ್ರೋಪೇನ್ ಮೈನಸ್ 42 ಡಿಗ್ರಿವರೆಗೂ ಆವಿಯಾಗುತ್ತದೆ. ಚಳಿ ಜಾಗಕ್ಕೆ ಹೋಗುವವರು ಸಿಲಿಂಡರ್ ಮೇಲೆ ಏನು ಬರೆದಿದೆ ಅಂತ ಓದಿಕೊಳ್ಳಿ.

ಕರೆಂಟು ಮಾತ್ರ ಉಲ್ಟಾ

ಒಳಗೆ ಬರಿಸೋದೇ ಕಷ್ಟ ಅನ್ನುವುದು ಕರೆಂಟು ಒಂದೇ. ಅದಕ್ಕೇ ಜನ ಅದರ ಬಗ್ಗೆ ಬೇಕಾದ್ದಕ್ಕಿಂತ ಜಾಸ್ತಿ ಮಾತಾಡುತ್ತಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ಆಂಪಿಯರ್ ಬಿಡಿ, ವ್ಯಾಟ್-ಅವರ್‌ನಲ್ಲಿ, ಅಂದರೆ ವ್ಯಾಟನ್ನು ಗಂಟೆಯಿಂದ ಗುಣಿಸಿ, ಲೆಕ್ಕ ಹಾಕಿ. 100 ಎಎಚ್‌ನ (ಆಂಪಿಯರ್-ಅವರ್) 12 ವೋಲ್ಟ್ ಬ್ಯಾಟರಿ ಅಂದರೆ ಸುಮಾರು 1200 ವ್ಯಾಟ್-ಅವರ್. ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯುಸ್ಸು ಕಮ್ಮಿ, ಹಾಗಾಗಿ ಕೈಗೆ ಸಿಗುವುದು 600. ಲಿಥಿಯಂ ಆದರೆ ಹೆಚ್ಚೂಕಡಿಮೆ ಎಲ್ಲವನ್ನೂ ಬಳಸಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ, ಆದರೆ ಶೂನ್ಯ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. 50 ವ್ಯಾಟ್ ಲ್ಯಾಪ್‌ಟಾಪ್ ಆರು ಗಂಟೆ ಓಡಿದರೆ 300. ನಮಗೆ ಆಶ್ಚರ್ಯ ಆಗಿದ್ದು ವೈಫೈ ರೂಟರ್. 10 ವ್ಯಾಟ್ ಅಂತ ಯಾರೂ ಲೆಕ್ಕಕ್ಕೇ ಇಡುವುದಿಲ್ಲ, ಆದರೆ ಹಗಲು ರಾತ್ರಿ ಹೊತ್ತಿದ್ದರೆ 240 ತಿನ್ನುತ್ತದೆ. ಮಲಗುವಾಗ ಅದರ ಸ್ವಿಚ್ ಆರಿಸಿ ಅಂತ ಹೇಳಿದ್ದೇ ನನ್ನ ದೊಡ್ಡ ಸಂಶೋಧನೆ.

ಇಂಡಕ್ಷನ್ ಒಲೆ ಕನಸು ಕಾಣುವವರಿಗೆ ಒಂದು ಮಾತು. 2000 ವ್ಯಾಟ್‌ಗೆ 12 ವೋಲ್ಟ್ ಬ್ಯಾಟರಿಯಿಂದ 160 ಆಂಪಿಯರ್‌ಗೂ ಜಾಸ್ತಿ ಎಳೆಯಬೇಕು. ಅದಕ್ಕೆ ಹೆಬ್ಬೆರಳು ದಪ್ಪದ ಕೇಬಲ್ಲು, ಬ್ಯಾಟರಿ ಪಕ್ಕದಲ್ಲೇ ಸರಿಯಾದ ಫ್ಯೂಸು ಬೇಕು. ಸೋಲಾರ್ ಇದೆಯಲ್ಲ ಅಂತೀರಾ? ಚಾವಣಿ ಮೇಲೆ ಮಲಗಿಸಿದ ಪ್ಯಾನೆಲ್ಲು ಸೂರ್ಯ ತಗ್ಗಿನಲ್ಲಿ ಹೋಗುವ ಚಳಿಗಾಲದಲ್ಲಿ ಬೇಸಿಗೆಯ ಐದನೇ ಒಂದು ಭಾಗಕ್ಕೂ ಇಳಿಯಬಹುದು. ಬೇಸಿಗೆಯಲ್ಲಿ ನಾವೇ ಮರದ ನೆರಳು ಹುಡುಕಿ ನಿಲ್ಲಿಸುತ್ತೇವೆ.

ಕಾಗದ ಬರುವ ವಿಳಾಸ

ಮನೆ ಬಿಟ್ಟ ಮೇಲೂ ಬ್ಯಾಂಕು, ಲೈಸೆನ್ಸು, ತೆರಿಗೆ, ಗಾಡಿಯ ನೋಂದಣಿ, ಡಾಕ್ಟರು, ಮತದಾನ ಎಲ್ಲಕ್ಕೂ ಒಂದು ವಿಳಾಸ ಬೇಕು. ಚಕ್ರದ ಮೇಲೆ ಇರ್ತೀನಿ ಅಂದರೆ ಫಾರಂ ಒಪ್ಪುವುದಿಲ್ಲ. ಕೆಲವು ದೇಶಗಳಲ್ಲಿ ಅಂಚೆಯನ್ನು ತೆರೆದು ಸ್ಕ್ಯಾನ್ ಮಾಡಿ ಕಳಿಸುವ ಸೇವೆಗಳಿವೆ, ಆದರೆ ಅವು ಕೊಡುವ ವಿಳಾಸವನ್ನು ಎಲ್ಲ ಕಚೇರಿಗಳೂ ಒಪ್ಪುವುದಿಲ್ಲ. ನಮಗೆ ಅಕ್ಕನ ಮನೆ. ಅವಳಿಗೆ ತೊಂದರೆ ಇಲ್ಲ ಅಂತಾಳೆ, ಆದರೂ ಬರುವ ಕಾಗದವನ್ನು ಆದಷ್ಟು ಆನ್‌ಲೈನ್‌ಗೆ ಬದಲಾಯಿಸಿದ ಮೇಲೇ ಅವಳ ವಿಳಾಸ ಕೊಟ್ಟೆವು. ವಿಳಾಸ ಕೊಡುವವರ ಇನ್ಶೂರೆನ್ಸಿಗೆ, ತೆರಿಗೆಗೆ ಅದರಿಂದ ಏನಾದರೂ ತೊಡಕಾಗುತ್ತದಾ ಅಂತ ಕೇಳಿಕೊಳ್ಳುವುದು ಮರ್ಯಾದೆ.

ಇನ್ಶೂರೆನ್ಸ್ ಪಾಲಿಸಿಯನ್ನು ಕೂತು ಓದಿ. ಎಷ್ಟೋ ಪಾಲಿಸಿಗಳು ರಜೆಯ ಬಳಕೆಗೆ ಅಂತಲೇ ಇರುತ್ತವೆ, ಬೇರೆ ಕಾಯಂ ಮನೆ ಇದೆ ಅಂತ ಅಂದುಕೊಂಡೇ ಬರೆದಿರುತ್ತಾರೆ. ಕಾಯಂ ವಾಸ ಅಂತ ಮೊದಲೇ ಹೇಳಿ, ಅವರು ಒಪ್ಪಿದ್ದನ್ನು ಬರಹದಲ್ಲಿ ತೆಗೆದುಕೊಳ್ಳಿ. ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗಬಹುದು. ಒಳಗಿನ ಸಾಮಾನಿಗೆ ಎಷ್ಟು ಮೊತ್ತ ಅಂತಲೂ ನೋಡಿ, ಯಾಕೆಂದರೆ ಈಗ ನಿಮ್ಮ ಆಸ್ತಿಯೆಲ್ಲ ಅಲ್ಲೇ ಇದೆ. ಹಲ್ಲಿನ ಕೆಲಸ, ಕಣ್ಣಿನ ಪರೀಕ್ಷೆ ಹೊರಡುವ ಮುಂಚೆ ಮುಗಿಸಿ. ಔಷಧಿ ಚೀಟಿಗಳ ಫೋಟೊ ಫೋನಿನಲ್ಲಿರಲಿ.

ಮನೆಯೇ ರಿಪೇರಿಗೆ ಹೋದಾಗ

ಗಾಡಿ ಕೆಟ್ಟರೆ ಏನು ಅನ್ನೋದನ್ನು ಹೊರಡುವ ಮುಂಚೆ ಯೋಚಿಸುವವರು ಕಡಿಮೆ. ಕಾರು ಕೆಟ್ಟರೆ ಗ್ಯಾರೇಜಿಗೆ ಬಿಟ್ಟು ಮನೆಗೆ ಹೋಗುತ್ತೇವೆ. ಇಲ್ಲಿ ಗ್ಯಾರೇಜಿಗೆ ಬಿಟ್ಟು ಹೋಗುವುದೆಲ್ಲಿಗೆ? ಒಂದು ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕಾಗಬಹುದು. ಎಂಜಿನ್ ಕೆಲಸ ಮಾಡುವವರು ಒಳಗಿನ ಹೀಟರ್ ಮುಟ್ಟುವುದಿಲ್ಲ, ಹೀಟರಿನವರು ಎಂಜಿನ್ ಮುಟ್ಟುವುದಿಲ್ಲ. ಗಾಡಿ ಎತ್ತರ ಇದ್ದರೆ ಕೆಲವು ಗ್ಯಾರೇಜಿನ ಬಾಗಿಲೊಳಗೇ ಹೋಗುವುದಿಲ್ಲ. ಎತ್ತರ, ಅಗಲ, ತೂಕ ಮೂರನ್ನೂ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿಕೊಳ್ಳಿ. ಗ್ಯಾರೇಜಿಗೆ ಫೋನ್ ಮಾಡುವಾಗಲೂ ಬೇಕು, ತಗ್ಗು ಸೇತುವೆ ಎದುರಾದಾಗಲೂ ಬೇಕು.

ಒಂದು ತಿಂಗಳು ಬೇರೆಲ್ಲಾದರೂ ಬಾಡಿಗೆಗೆ ಇರುವಷ್ಟು ಹಣ ಮುಟ್ಟದೆ ಇಡಬೇಕು. ಇದು ಇಲ್ಲದೆ ಹೊರಡಬೇಡಿ ಅಂತ ನಾನು ಖಡಾಖಂಡಿತವಾಗಿ ಹೇಳುವ ಒಂದೇ ವಿಷಯ. ಈ ಜೀವನವೇ ಸಾಕು ಅನಿಸಿದರೆ ವಾಪಸ್ ಮನೆ ಹಿಡಿಯುವುದಕ್ಕೂ ಅದೇ ಹಣ ಬೇಕಾಗುತ್ತದೆ, ಗಾಡಿ ಮಾರಾಟ ಆಗುವವರೆಗೆ ಕಾಯಲು ಆಗುವುದಿಲ್ಲವಲ್ಲ. ಬಾಗಿಲ ಪಕ್ಕದ ಕಪಾಟಿನಲ್ಲಿ ನಮ್ಮದೊಂದು ಬ್ಯಾಗ್ ಯಾವಾಗಲೂ ತಯಾರಿರುತ್ತದೆ. ಎರಡು ಜೊತೆ ಬಟ್ಟೆ, ಔಷಧಿ, ಚಾರ್ಜರ್, ದಾಖಲೆಗಳ ಫೈಲು. ಗ್ಯಾರೇಜಿಗೆ ಕೀಲಿ ಕೊಡುವ ಮುಂಚೆ ಗ್ಯಾಸ್ ಮುಚ್ಚಿ, ಕ್ಯಾಸೆಟ್ ಖಾಲಿ ಮಾಡಿ, ಕೊಳೆ ನೀರಿನ ಟ್ಯಾಂಕನ್ನೂ ಬರಿದು ಮಾಡಿ ಹೋಗುತ್ತೇವೆ, ಯಾಕೆಂದರೆ ಆ ವಾಸನೆಯಲ್ಲಿ ಕೆಲಸ ಮಾಡಬೇಕಾದವನು ಮೆಕ್ಯಾನಿಕ್ಕು. ಫ್ರಿಜ್‌ನಲ್ಲಿ ಉಳಿದ ಹಾಲು, ತರಕಾರಿ ಏನು ಮಾಡೋದು ಅಂತ ಮಾತ್ರ ಪ್ರತಿ ಸಲ ಕೊನೇ ಗಳಿಗೆಯಲ್ಲಿ ನೆನಪಾಗುತ್ತದೆ. ಕೀಲಿಯ ಜೊತೆ ಅದನ್ನೂ ಮೆಕ್ಯಾನಿಕ್ಕಿಗೇ ಕೊಟ್ಟು ಬರುತ್ತೇವೆ.